ಹೊಳ್ಳಿ ಬಂದ್ರ ನೀರು ಕುಡದು ಹೊರಡು

ನಮ್ಮ ಧಾರವಾಡದ ಮನ್ಯಾಗ ಹೊರಗ ಹೊರಡಬೇಕಂದ್ರ ಮೂರು ಕಾಯ್ದೆ ಇದ್ವು. ಚಪ್ಪಲ್ ಮೆಟ್ಟಿಗೊಂಡವರಿಗೆ ‘ಎಲ್ಲಿಗೆ’ ಅಂತ ಕೇಳಬಾರ್ದು. ಹೊಸ್ತಿಲ ದಾಟಿದವರನ್ನ ಹಿಂದಿಂದ ಕರೀಬಾರ್ದು. ಮೂರನೇದ್ದು, ಒಮ್ಮೆ ಹೊಂಟ ಮ್ಯಾಲೆ ಹೊಳ್ಳಿ ಬರಬಾರ್ದು. ನಮ್ಮಪ್ಪ ಒಂದಿನಾ ಕನ್ನಡಕ ಮರತು ಹೊಂಟಿದ್ರು. ಗಲ್ಲಿ ತುದಿಗೆ ನೆನಪಾತಂತ. ಆದ್ರೂ ಹೊಳ್ಳಿ ಬರಲಿಲ್ಲ, ಇಡೀ ದಿನಾ ಕಣ್ಣು ಸಣ್ಣ ಮಾಡಿಕೊಂಡು ಆಫೀಸಿನ್ಯಾಗ ಫೈಲ್ ಓದಿ ಸಂಜಿಗೆ ತಲಿನೋವು ತಗೊಂಡು ಮನಿಗೆ ಬಂದ್ರು.

ಈಗ ನಾವು ಇರೂದು ನಾರ್ವೆದ ಓಸ್ಲೋದಾಗ. ಬಂದು ಹನ್ನೊಂದು ವರ್ಷ ಆತು. ಇಲ್ಲಿಯವರಿಗೂ ಗುಡ್ಡಕ್ಕ ಹೊರಡೂಮುಂದ ಕಾಯ್ದೆ ಅವ, ಒಟ್ಟು ಒಂಬತ್ತು. ಮೊದಲನೇದ್ದಽ ನಮ್ಮವ್ವನ ಕಾಯ್ದೆಗೆ ಉಲ್ಟಾ: ಯಾವ ದಾರೀಲೆ ಹೊಂಟೀರಿ ಅಂತ ಹೇಳಿ ಹೋಗ್ರಿ. ಎಂಟನೇದ್ದು ಇನ್ನೂ ಉಲ್ಟಾ: ಹೊತ್ತು ಇರೂದ್ರಾಗ ಹೊಳ್ಳಿ ಬರ್ರಿ, ಹೊಳ್ಳಿ ಬರೂದ್ರಾಗ ನಾಚಿಕಿ ಏನಿಲ್ಲ. 1967ರ ಈಸ್ಟರ್ ಸೂಟಿಯೊಳಗ ಇಲ್ಲಿ ಗುಡ್ಡದಾಗ 18 ಮಂದಿ ಸತ್ತು ಹೋದ್ರಂತ. ಅದಾದ ಮ್ಯಾಲೆ ಈ ಕಾಯ್ದೆ ಮನಿಮನಿಗೆ ಮುಟ್ಟಿದ್ವು. ಈಸ್ಟರ್‌ಕ್ಕ ಎಲ್ಲಾರೂ ತಿನ್ನೂ ‘ಕ್ವಿಕ್ ಲುನ್ಶ್’ ಚಾಕಲೇಟಿನ ಕಾಗದದ ಒಳಗೂ ಅಚ್ಚು ಹಾಕಿರ್ತಾರ. ಚಾಕಲೇಟ್ ನಾನೂ ಭಾಳ ತಿಂದೀನಿ, ಕಾಗದ ಮಾತ್ರ ಓದಿದ್ದಿಲ್ಲ.

ಹೋದ ವರ್ಷ ನಮ್ಮ ಮಗಳಿಗೆ ಹದಿಮೂರು ತುಂಬಿತು. ಇಲ್ಲಿ ಮಂದಿ ‘ನಾವು ಹುಟ್ಟೂಮುಂದನಽ ಕಾಲಿಗೆ ಸ್ಕೀ ಕಟಗೊಂಡು ಹುಟ್ಟೀವಿ’ ಅಂತ ಹೇಳಿಕೋತಾರ. ನನ್ನ ಮಗಳು ಹಂಗ ಹುಟ್ಟಿಲ್ಲ, ನಾನಽ ಹಡದಾಕಿ ನನಗ ಗೊತ್ತದ. ಆದ್ರ ಬಾಲವಾಡಿಯಿಂದ ಕಲತು ಈಗ ಅವರ ಸರೀನಽ ಹೋಗ್ತಾಳ. ನಾನು ಎರಡು ಚಳಿಗಾಲ ಮನಿ ಹಿಂದಿನ ಕಾಡಿನ್ಯಾಗ ಸಪಾಟ ಜಾಗಾದಾಗ ಜಾರಿ ಜಾರಿ ಅಷ್ಟಿಷ್ಟು ಕಲತಾಕಿ. “ಅಮ್ಮಾ, ಎಲ್ಲಾರ ಅಮ್ಮಂದ್ರೂ ಈಸ್ಟರ್‌ಕ್ಕ ಗುಡ್ಡಕ್ಕ ಹೋಗ್ತಾರ” ಅಂದ್ಲು. ನಮ್ಮನಿಯವ್ರು ಮೊಣಕಾಲಿನ ನೆವಾ ಹೇಳಿ ತಪ್ಪಿಸಿಕೊಂಡ್ರು. ಸರಿ, ಗೈಡ್ ಜೋಡಿ ಹೋಗೂ ನಾಲ್ಕು ದಿನದ ಟೂರಿಗೆ ನಮ್ಮಿಬ್ಬರ ಹೆಸರು ಹಚ್ಚಿದೆ. ಎಂಟು ಮಂದಿ, ಒಬ್ಬಾಕಿ ಗೈಡ್. ಒಂದು ವಸತಿಮನಿಯಿಂದ ಇನ್ನೊಂದಕ್ಕ ಸ್ಕೀ ಮ್ಯಾಲೆ ಹೋಗೂದು, ರಾತ್ರಿ ಅಲ್ಲೇ ಉಳಿಯೂದು.

ಈ ವಸತಿಮನಿಗಳ ವ್ಯವಸ್ಥಾ ನೋಡಿದ್ರ ನಮ್ಮ ಕಡೆ ಹಳೇ ಧರ್ಮಶಾಲಾ ನೆನಪಾಗ್ತಾವ. 1868ರಾಗ ಶುರು ಆದ ನಾರ್ವೆದ ಪ್ರವಾಸಿ ಸಂಘ ಇವನ್ನ ನಡಸ್ತದ, ದೇಶದ ತುಂಬ ಐದುನೂರರ ಮ್ಯಾಲೆ ಅವ. ಕೆಲವು ಕಡೆ ಅಡಗಿ ಮಾಡಿ ಬಡಸ್ತಾರ. ಇನ್ನ ಕೆಲವು ಕಡೆ ಯಾರೂ ಇರೂದಿಲ್ಲ. ಉಗ್ರಾಣದಾಗ ಡಬ್ಬಿ, ಬ್ಯಾಳಿ, ಒಣ ಬ್ರೆಡ್ ಇಟ್ಟಿರ್ತಾರ. ನೀವಽ ತಗೊಂಡು ಬೇಯಿಸಿ ತಿಂದು, ನೀವಽ ಲೆಕ್ಕಾ ಬರದು, ನೀವಽ ರೊಕ್ಕಾ ಕೊಡೂದು. ಅಡಗಿ ಬಡಸೂ ಮನ್ಯಾಗ ಹಾಸಿಗಿ ತುಂಬಿದ್ರೂ ಬಂದವರನ್ನ ಹೊರಗ ಕಳಸೂದಿಲ್ಲ, ನೆಲದ ಮ್ಯಾಲೆ ಗಾದಿ ಹಾಕಿ ಕೊಡ್ತಾರ.

ಓಸ್ಲೋದಿಂದ ಬರ್ಗನ್ ರೈಲು ಹಿಡದು ಫಿನ್ಸೆ ಅನ್ನೂ ಸ್ಟೇಶನ್ನಿಗೆ ಇಳದ್ವಿ. 1222 ಮೀಟರ್ ಎತ್ತರ, ಆ ದಾರಿಯೊಳಗ ಎಲ್ಲಾಕಿಂತ ಮ್ಯಾಲಿನ ಸ್ಟೇಶನ್. ಅಲ್ಲಿಗೆ ಕಾರ್ ಹೋಗೂ ರಸ್ತಾನಽ ಇಲ್ಲ. ಒಂದು ಗಿಡಾನೂ ಇಲ್ಲ. ಬಾಗಲದಿಂದ ಇಳದ್ರ ಬರೇ ಬಿಳಿ. 1979ರಾಗ ‘ಸ್ಟಾರ್ ವಾರ್ಸ್’ ಸಿನಿಮಾದ ಹಿಮದ ಲೋಕ ಇಲ್ಲೇ ಶೂಟಿಂಗ್ ಮಾಡಿದ್ದಂತ, ಮಗಳು ಹೇಳಿದ್ಲು. ನನಗಂತೂ ಯಾರೋ ಜಗತ್ತಿನ ಮ್ಯಾಲೆ ರಂಗೋಲಿ ಪುಡಿ ಸುರುವಿ ಹೋದಂಗ ಕಾಣಿಸ್ತು.

ಮರುದಿನಾ ಮುಂಜಾನೆ ನಾಷ್ಟಾದ ಟೇಬಲ್ ಮ್ಯಾಲೆನಽ ಎಲ್ಲಾರೂ ಮಧ್ಯಾಹ್ನದ ಬುತ್ತಿ ಕಟಗೊಂಡ್ರು, ಬ್ರೆಡ್ಡು, ಕಂದು ಬಣ್ಣದ ಸಿಹಿ ಚೀಸು. ನಾನು ಬ್ರೆಡ್ಡಿನ ನಡಕ ಶೇಂಗಾ ಚಟ್ನಿಪುಡಿ ಬೆಣ್ಣಿ ಹಚ್ಚಿ ಕಟ್ಟಿದೆ. ಗೈಡ್ ಎಲ್ಲಾರ ಸ್ಕೀ ತಳಕ್ಕ ಮೇಣ ಹಚ್ಚಿಸಿದ್ಲು. ಒಣ ಹಿಮಕ್ಕ ನೀಲಿ ಮೇಣ, ಹಸಿ ಹಿಮಕ್ಕ ಕೆಂಪು. ಹಂಚಿನ ಕಾವು ನೋಡಿ ದೋಸಿಗೆ ಎಣ್ಣಿ ಬಿಡೂ ಹಂಗ ಇದೂ ಅಂದಾಜಿನ ಕೆಲಸ. ಚೀಲದಾಗ ಸನಿಕಿ, ಥರ್ಮಾಸು, ಗಾಳಿಯೊಳಗ ಸಿಕ್ಕೊಂಡ್ರ ಒಳಗ ಹೊಕ್ಕು ಕೂಡಲಿಕ್ಕೆ ಒಂದು ದೊಡ್ಡ ಚೀಲ. ಅವತ್ತ ನಾವು ಹೋಗಬೇಕಾಗಿದ್ದು ಶೆಲ್ಡೆಬು ಅನ್ನೂ ವಸತಿಮನಿಗೆ, ಮರುದಿನಾ ಕ್ರೆಕ್ಯಾಕ್ಕ, ಕಡೀ ದಿನಾ ಹೌಗಸ್ಟೋಲ್ ಸ್ಟೇಶನ್ನಿಗೆ ಇಳದು ರೈಲು.

ಹೆಪ್ಪುಗಟ್ಟಿದ ಕೆರಿ ದಾಟೂತನಕ ನಾ ರಾಣಿಹಂಗ ಹೋದೆ. ಏರು ಬಂತು ನೋಡ್ರಿ, ಎರಡು ಹೆಜ್ಜಿ ಮುಂದ, ಒಂದು ಹೆಜ್ಜಿ ಹಿಂದ. ಇಳಿಜಾರು ಬಂದ್ರ ಸೀದಾ ಕುಂಡಿ ಮ್ಯಾಲೆ. ದಾರಿ ತಪ್ಪಬಾರ್ದಂತ ಈಸ್ಟರ್‌ಗಿಂತ ಮೊದಲನಽ ಹಿಮದಾಗ ಬರ್ಚ್ ಗಿಡದ ಟೊಂಗಿ ಸಾಲಾಗಿ ನೆಟ್ಟಿರ್ತಾರ, ಅದಽ ದಾರಿ. ಎಷ್ಟು ಟೊಂಗಿ ಆತು ಅಂತ ಎಣಿಸಿಕೋತ ಹೊಂಟಿದ್ದೆ. ಮಧ್ಯಾಹ್ನದ ಮ್ಯಾಲೆ ಬರಬೇಕಾದ ಗಾಳಿ ಹನ್ನೊಂದಕ್ಕಽ ಬಂತು, ಸೆಕೆಂಡಿಗೆ 15 ಮೀಟರ್. ನಮ್ಮ ಲೆಕ್ಕದಾಗ ತಾಸಿಗೆ 54 ಕಿಲೋಮೀಟರ್. ಹಿಮ ನೆಲದಿಂದ ಎದ್ದು ಮಾರಿಗೆ ಬಡೀಲಿಕ್ಕೆ ಹತ್ತಿತು. ಮುಂದಿನ ಟೊಂಗಿ ಒಮ್ಮೆ ಕಾಣ್ತದ, ಒಮ್ಮೆ ಕಾಣೂದಿಲ್ಲ.

ನನ್ನ ಒಂದು ಸ್ಕೀ ಬೂಟಿನಿಂದ ಕಳಚಿ ಬಿತ್ತು. ಮಗಳು ಹಿಂದಕ್ಕ ಬಂದು, ಕೈಗವಸು ತಗದು, ಕಟ್ಟಿನ್ಯಾಗ ಗಟ್ಟಿಯಾದ ಹಿಮ ಉಗರಿಲೆ ಕೆದರಿ ಕೂಡಿಸಿ ಕೊಟ್ಟಳು. ಹಿಂಗ ಮೂರು ಸಲ. “ಅಮ್ಮಾ ಲಗೂ ನಡಿ, ಎಲ್ಲಾರೂ ಕಾಯಾಕ್ ಹತ್ಯಾರ” ಅಂದ್ಲು. ನಾನು ಬೈದೆ, “ಹಿಡದ ಕೆಲಸ ನಡಕ ಬಿಡೂ ಪೈಕಿ ಅಲ್ಲ ನಾವು, ನೀ ನಡಿ ಮುಂದ.”

ಎರಡೂವರಿ ತಾಸಿನ್ಯಾಗ ಬರೇ ಆರು ಕಿಲೋಮೀಟರ್ ಆಗಿತ್ತು. ಗೈಡ್ ಎಲ್ಲಾರನ್ನೂ ಒಂದು ಕಡೆ ಕೂಡಿಸಿ, ಒಬ್ಬೊಬ್ಬರ ಮಾರಿ ನೋಡಿ, “ಹೊಳ್ಳಿ ಹೋಗೂಣು” ಅಂದ್ಲು. ಒಬ್ಬ ಗಂಡಸು ಗಡಿಯಾರ ನೋಡಿ ತುಟಿ ಬಿಗಿ ಹಿಡದ. ನನಗ ಭೂಮಿ ಬಾಯಿ ಬಿಟ್ಟು ನುಂಗಬಾರ್ದಽ ಅನ್ನಿಸ್ತು. ಎಂಟು ಮಂದಿ ಸೂಟಿ, ಎಂಟು ಮಂದಿ ರೊಕ್ಕಾ, ಎಲ್ಲಾ ನನ್ನ ಕಾಲಾಗ ಹಾಳಾತು. ಗಾಳಿ ಬೆನ್ನಿಗೆ ಇದ್ದದ್ದಕ್ಕ ಬರೂದು ಹಗುರಾತು. ಮಗಳು ಒಂದು ಮಾತೂ ಆಡಲಿಲ್ಲ. ನನ್ನ ಮ್ಯಾಲೆ ಸಿಟ್ಟು ಅಂತ ತಿಳಕೊಂಡೆ.

ಫಿನ್ಸೆದ ವಸತಿಮನಿ ಮುಟ್ಟಿ ಉಣ್ಣಿ ಸಾಕ್ಸು ಒಣಗೂ ಖೋಲಿಯೊಳಗ ಗೈಡ್ ಹತ್ರ ಕ್ಷಮಾ ಕೇಳಿದೆ. ಆಕಿ ನನ್ನ ಮಾರಿ ನೋಡಿ, “ನೀವು ಸಾವಕಾಶ ನಡೀತೀರಿ ಅಂತ ನನಗ ಮೊದಲನಽ ಗೊತ್ತಿತ್ತು, ಅದಕ್ಕ ಹೊತ್ತು ಇಟಗೊಂಡಽ ಹೊಂಟಿದ್ದೆ. ಹೊಳ್ಳಿಸಿದ್ದು ಗಾಳಿಗೆ, ಮತ್ತ ನಿಮ್ಮ ಮಗಳ ಬೆರಳಿಗೆ” ಅಂದ್ಲು.

ನಾನು ಓಡಿ ಹೋಗಿ ನೋಡಿದೆ. ಬಲಗೈದ ಎರಡು ಬೆರಳಿನ ತುದಿ ಮೇಣದಂಗ ಬೆಳ್ಳಗ ಆಗಿದ್ವು. ನನ್ನ ಸ್ಕೀ ಕಟ್ಟಲಿಕ್ಕೆ ಮೂರು ಸಲ ಕೈಗವಸು ತಗದಿದ್ಲಲ್ಲ, ಆವಾಗ ಹಿಡದ ಚಳಿ. ಜುಮುಜುಮು ಅಂದು, ನೂತು, ಆಮ್ಯಾಲೆ ಏನೂ ಗೊತ್ತಾಗಲಾರದಂಗ ಆದ್ರೂ ಬಾಯಿ ಬಿಟ್ಟಿದ್ದಿಲ್ಲ. ನಾ ತಿಕ್ಕಲಿಕ್ಕೆ ಹೋದ್ರ ಗೈಡ್ ತಡದ್ಲು, ತಿಕ್ಕಿದ್ರ ಚರ್ಮಕ್ಕ ಪೆಟ್ಟಾಗ್ತದಂತ. ನನ್ನ ಕಂಕಳಾಗ ಮಗಳ ಕೈ ಇಟಗೊಂಡು ಕೂತೆ. ಬಣ್ಣ ಹೊಳ್ಳಿ ಬರೂಮುಂದ ಉರಿ ಆಗಿ ಅತ್ತಳು.

“ಯಾಕ ಹೇಳಲಿಲ್ಲ?” ಅಂದೆ.

“ನಡಕ ಬಿಡೂ ಪೈಕಿ ಅಲ್ಲ ನಾವು ಅಂತ ನೀನಽ ಅಂದಿ.”

ನನಗ ಮಾತು ಹೊಂಡಲಿಲ್ಲ. ಮಾತಿನ ಸೊಕ್ಕು ನಂದು, ಬೆರಳು ಆಕೀವು.

ರಾತ್ರಿ ಊಟಾದ ಮ್ಯಾಲೆ ಗೈಡ್ ಎಲ್ಲಾರಿಗೂ ಅಮುಂಡ್ಸೆನ್ ಕಥಿ ಹೇಳಿದ್ಲು. ದಕ್ಷಿಣ ಧ್ರುವಕ್ಕ ಮೊದಲು ಮುಟ್ಟಿದಂವ. 1896ರಾಗ ಅಣ್ಣನ ಜೋಡಿ ಇದಽ ಹರ್ಡಾಂಗರ್ ಬಯಲು ಚಳಿಗಾಲದಾಗ ದಾಟಲಿಕ್ಕೆ ಹೋಗಿ, ದಾರಿ ತಪ್ಪಿ, ಹಿಮದೊಳಗ ಹುಗದು ಹೋಗಿ, ಜೀವ ಉಳಿಸಿಕೊಂಡು ಹೊಳ್ಳಿ ಬಂದಿದ್ನಂತ. 1911ರ ಸೆಪ್ಟೆಂಬರ್ 8ಕ್ಕ ಧ್ರುವಕ್ಕ ಅಂತ ಹೊಂಟವ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿಗೆ ಮತ್ತ ಹೊಳ್ಳಿ ಬಂದ. ಅಕ್ಟೋಬರ್‌ನಾಗ ಮತ್ತ ಹೊಂಟ. ಡಿಸೆಂಬರ್ 14ಕ್ಕ ಮುಟ್ಟಿದ. ಗಡಿಯಾರ ನೋಡಿದ್ದ ಗಂಡಸು ನನಗ ಕ್ವಿಕ್ ಲುನ್ಶ್ ಅರ್ಧಾ ಮುರದು ಕೊಟ್ಟ. ಈ ಸಲ ಕಾಗದ ಪೂರ್ತಿ ಓದಿದೆ.

ಅವ್ವಗ ಫೋನ್ ಹಚ್ಚಿ ಎಲ್ಲಾ ಹೇಳಿದೆ. “ಹೊಂಟವ್ರು ಹೊಳ್ಳಿ ಬಂದೀವಿ ಅವ್ವಾ, ನಿನ್ನ ಕಾಯ್ದೆ ಮುರದ್ವಿ.”

“ಬಂದು ಕೂತು ನೀರು ಕುಡದ್ರಿಲ್ಲೋ?” ಅಂದ್ಲು.

“ಚಹಾ ಕುಡದ್ವಿ.”

“ಮತ್ತೇನಾತು! ಹೊಳ್ಳಿ ಬಂದ್ರ ಒಂದು ಗಳಿಗಿ ಕೂತು, ನೀರು ಕುಡದು ಹೊಸದಾಗಿ ಹೊರಡೂದು, ಅಷ್ಟಽ. ಬರಬ್ಯಾಡ್ರಿ ಅಂತ ಯಾರಂದ್ರು? ನಿಮ್ಮಪ್ಪಗೂ ಹೇಳಿ ಹೇಳಿ ಸಾಕಾಗಿತ್ತು. ಅವರಿಗೆ ಗಲ್ಲಿ ಮಂದಿ ನೋಡ್ತಾರಂತ ನಾಚಿಕಿ.”

ಅಂದ್ರ ಇಷ್ಟು ವರ್ಷ ಕಾಯ್ದೆದ ಅರ್ಧಾನಽ ನಾ ಕಲತಿದ್ದೆ.

ರಾತ್ರಿಯೆಲ್ಲಾ ಗ್ವಾಡಿ ಕಟಕಟ ಅಂದ್ವು. ಮುಂಜಾನೆ ಎದ್ರ ಗಾಳಿ ಇಲ್ಲ, ಕಣ್ಣು ಕುಕ್ಕೂ ಬಿಸಿಲು. ಶೆಲ್ಡೆಬು ಬಿಟ್ಟು ಸೀದಾ ಕ್ರೆಕ್ಯಾಕ್ಕ ಹೋಗೂಣು ಅಂತ ಗೈಡ್ ದಾರಿ ಬದಲಿ ಮಾಡಿದ್ಲು. ಮಗಳ ಬೆರಳು ನೋಡಿ, ಎರಡು ಜೋಡಿ ಕೈಗವಸು ಹಾಕಿಸಿ, ಹೂಂ ಅಂದ್ಲು. ಬಾಗಲದಾಗ ಬೂಟು ಹಾಕ್ಕೊಳ್ಳಾಕ್ ಹತ್ತಿದ್ದೆ, ಮಗಳು ಒಂದು ಕಪ್ಪಿನ್ಯಾಗ ನೀರು ತಂದು ಕೊಟ್ಟಳು.

“ಕೂತು ಕುಡಿ ಅಮ್ಮಾ. ನಂದಾತು.”

ಅವತ್ತ ಇಪ್ಪತ್ತು ಕಿಲೋಮೀಟರ್ ಮ್ಯಾಲೆ ಹೋದ್ವಿ. ನಾ ಎಷ್ಟು ಸಲ ಬಿದ್ದೆ ಅಂತ ಮಗಳು ಎಣಿಸಿದ್ಲು, ಹದಿನೇಳು. ಎಣಿಸಿದ್ದು ಎಡಗೈ ಬೆರಳಿನ ಮ್ಯಾಲೆ.