ಶನಿವಾರ ರಾತ್ರಿಯ ಇಂಡೆಕ್ಸ್ ವ್ರತ

ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಬಾರದು ಎನ್ನುತ್ತಾರೆ. ಅದಕ್ಕೆ ಕಾರಣವಿದೆ, ಬೂಷ್ಟು ಹಿಡಿಯುತ್ತದೆ. ಮಂಗಳವಾರ ಜಾಡಿಯನ್ನೇ ತೆರೆಯಬಾರದು ಎಂದೂ ಕೆಲವರು ಹೇಳುತ್ತಾರೆ. ಯಾಕೆ ಅಂತ ಕೇಳಿದರೆ 'ನಮ್ಮತ್ತೆ ಹೇಳಿದ್ದು' ಎಂಬ ಉತ್ತರ ಬರುತ್ತದೆ. ಎರಡೂ ಮಾತು ಒಂದೇ ಬಾಯಿಂದ, ಒಂದೇ ಧಾಟಿಯಲ್ಲಿ ಬರುವುದರಿಂದ ಯಾವುದು ಅನುಭವ, ಯಾವುದು ಬರೀ ರೂಢಿ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಎರಡನ್ನೂ ಪಾಲಿಸಿಬಿಡುವುದು ಕ್ಷೇಮ ಅನ್ನಿಸುತ್ತದೆ.

ಕಂಪ್ಯೂಟರಿನ ಕಸುಬಿನಲ್ಲಿ ಇಂಥದ್ದಕ್ಕೆ ಜಾಗವಿಲ್ಲ ಎಂದು ಹೊರಗಿನವರು ತಿಳಿಯುತ್ತಾರೆ. ಹದಿನೈದು ವರ್ಷಗಳಿಂದ ಬೆಂಗಳೂರಿನಲ್ಲಿ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ನಮ್ಮ ಮಾತಿನಲ್ಲಿ ಡಿಬಿಎ, ಆಗಿರುವ ನನಗೆ ಹಾಗನ್ನಿಸುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕು, ರೈಲಿನ ಟಿಕೆಟ್ಟು, ಪರೀಕ್ಷೆಯ ಅಂಕಪಟ್ಟಿ ಎಲ್ಲದರ ಹಿಂದೆಯೂ ಒಂದು ಡೇಟಾಬೇಸ್ ಇರುತ್ತದೆ. ಅದು ನಿಲ್ಲದಂತೆ, ಕಳೆದುಹೋಗದಂತೆ, ನಿಧಾನವಾಗದಂತೆ ಕಾಯುವುದು ನಮ್ಮ ಕೆಲಸ. ಎಲ್ಲ ಸರಿಯಿದ್ದಾಗ ನಾವೊಬ್ಬರು ಇದ್ದೇವೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟಾಗ ರಾತ್ರಿ ಎರಡು ಗಂಟೆಗೆ ಫೋನು ಬರುತ್ತದೆ. ಇಷ್ಟು ಭಯವಿರುವ ಕಡೆ ವ್ರತಗಳು ಹುಟ್ಟದೆ ಇರುತ್ತವೆಯೇ?

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಅಂಥದ್ದೊಂದು ವ್ರತವಿತ್ತು. ಪ್ರತಿ ಶನಿವಾರ ರಾತ್ರಿ ಹನ್ನೊಂದಕ್ಕೆ ಶುರುಮಾಡಿ, ಡೇಟಾಬೇಸಿನ ಇಂಡೆಕ್ಸುಗಳನ್ನೆಲ್ಲ ಒಡೆದು ಹೊಸದಾಗಿ ಕಟ್ಟುವುದು. ಮುಗಿಯುವಾಗ ಬೆಳಗಿನ ಐದು. ಅದನ್ನು ಎಂಟು ವರ್ಷ ನಡೆಸಿಕೊಂಡು ಬಂದವರು ದಾವಣಗೆರೆ ಕಡೆಯ ಒಬ್ಬ ಹಿರಿಯ ಸಹೋದ್ಯೋಗಿ. ನಮ್ಮಲ್ಲಿ ಮದುವೆಗಳ ಆರತಕ್ಷತೆ ಹೆಚ್ಚಾಗಿ ಶನಿವಾರ ಸಂಜೆಯೇ. ಊಟದ ಎಲೆ ಹಾಕುವ ಮೊದಲೇ ಅವರು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು.

ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥದ್ದು. ಇಡೀ ಪುಸ್ತಕ ತಿರುವದೆ ಬೇಕಾದ ಪುಟಕ್ಕೆ ಹೋಗುವ ದಾರಿ. ಹೊಸ ಮಾಹಿತಿ ಸೇರುತ್ತ ಹೋದಂತೆ ಅದರ ಒಳಗೆ ಖಾಲಿ ಜಾಗಗಳು ಉಳಿಯುತ್ತವೆ. ಖಾಲಿ ಇದ್ದರೆ ನಿಧಾನ, ಒತ್ತೊತ್ತಾಗಿ ಕಟ್ಟಿದರೆ ವೇಗ ಎಂಬುದು ವ್ರತದ ಹಿಂದಿನ ತರ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಕಪಾಟಿನಲ್ಲಿ ಒಂದು ಹಾಳೆಯೂ ನುಸುಳದಂತೆ ಪುಸ್ತಕ ಜೋಡಿಸಿದ್ದೀರಿ ಎಂದುಕೊಳ್ಳಿ. ಸೋಮವಾರ ಹೊಸ ಪುಸ್ತಕವೊಂದು ಬಂದರೆ ಆ ಸಾಲಿನ ಅರ್ಧವನ್ನು ಬೇರೆ ಸಾಲಿಗೆ ಸಾಗಿಸಬೇಕು. ಇಂಡೆಕ್ಸಿನಲ್ಲೂ ಹಾಗೆಯೇ ತುಂಬಿದ ಪುಟ ಎರಡಾಗಿ ಒಡೆಯುತ್ತದೆ. ಹೆಸರುಗಳಂತೆ ಕ್ರಮವಿಲ್ಲದೆ ಬರುವ ಮಾಹಿತಿಯಾದರೆ, ಪುಟಗಳು ಕೊನೆಗೆ ಸರಾಸರಿ ನೂರಕ್ಕೆ ಸುಮಾರು 70ರಷ್ಟು ತುಂಬಿದ ಸ್ಥಿತಿಗೆ ತಾವಾಗಿ ಬಂದು ನಿಲ್ಲುತ್ತವೆ. ಉಳಿದದ್ದು ಮುಂದೆ ಬರುವವರಿಗಾಗಿ ಇರುವ ಜಾಗ. ಶನಿವಾರ ನಾವು ಅದನ್ನು ಒತ್ತಿ ಮುಚ್ಚುತ್ತಿದ್ದೆವು, ವಾರವಿಡೀ ಡೇಟಾಬೇಸು ಮತ್ತೆ ಬಿಡಿಸಿಕೊಳ್ಳುತ್ತಿತ್ತು.

ಇದು ನನ್ನ ಸ್ವಂತ ಜ್ಞಾನೋದಯವಲ್ಲ. ಆಸ್ಟ್ರೇಲಿಯಾದ ರಿಚರ್ಡ್ ಫೂಟ್ ಎಂಬ ಡಿಬಿಎ ಒರಾಕಲ್ ಡೇಟಾಬೇಸಿನ ಇಂಡೆಕ್ಸುಗಳ ಹೊಟ್ಟೆ ಬಗೆದು ತೋರಿಸಿ, ಈ ನಂಬಿಕೆಯನ್ನು ವರ್ಷಗಟ್ಟಲೆ ಪ್ರಶ್ನಿಸಿದ್ದಾರೆ. ಅವರ ಕೆಲಸ ನನಗೆ ಗೊತ್ತಾದದ್ದು ಬೆಂಗಳೂರಿನ ಡಿಬಿಎಗಳ ಒಂದು ಸಣ್ಣ ಕೂಟದಲ್ಲಿ. ಯಾವುದೋ ಕಂಪನಿಯ ತರಬೇತಿ ಕೊಠಡಿಯನ್ನು ರಜೆಯ ದಿನ ಕೇಳಿ ಪಡೆದು ಇಪ್ಪತ್ತು, ಮೂವತ್ತು ಜನ ಸೇರುತ್ತಾರೆ. ಸಂಭಾವನೆಯಿಲ್ಲ, ಹಾರ ತುರಾಯಿಯಿಲ್ಲ. ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಬರುವವರಿದ್ದಾರೆ. ಅಲ್ಲಿ ಒಂದೇ ನಿಯಮ: ಏನು ಹೇಳಿದರೂ ಓಡಿಸಿ ತೋರಿಸಬೇಕು. 'ನನ್ನ ಅನುಭವದಲ್ಲಿ' ಎಂದು ಯಾರಾದರೂ ಶುರುಮಾಡಿದರೆ ಹಿಂದಿನ ಸಾಲಿನಿಂದ 'ತೋರಿಸಿ ಸರ್' ಎಂಬ ದನಿ ಬರುತ್ತದೆ.

ಈ ಊರಿಗೆ ಅದು ಹೊಸದೇನಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಶುರುಮಾಡಿ, ಪ್ರತಿ ವಾರ ಉಪನ್ಯಾಸಗಳನ್ನು ಏರ್ಪಡಿಸಿದರು. ಪ್ರಶ್ನೆ ಕೇಳುವುದು ಅವಮರ್ಯಾದೆಯಲ್ಲ ಎಂದು ಬಸವನಗುಡಿಯ ಎಷ್ಟೋ ಮಕ್ಕಳು ಕಲಿತದ್ದು ಅಂಥ ಸಭೆಗಳಲ್ಲಿ. ಆಫೀಸಿನಲ್ಲಿ 'ಯಾಕೆ' ಎಂದರೆ ಅದು ಹಿರಿಯರಿಗೆ ತಿರುಗಿಬಿದ್ದಂತೆ ಕೇಳುತ್ತದೆ. ಕೂಟದಲ್ಲಿ ಅದೇ ಪ್ರಶ್ನೆ ಬರೀ ಪ್ರಶ್ನೆಯಾಗಿಯೇ ಇರುತ್ತದೆ. ಸಂಘಗಳಿಂದ ನಮ್ಮ ಕಸುಬಿಗೆ ಆಗಿರುವ ದೊಡ್ಡ ಉಪಕಾರ ಇದೇ ಎಂದು ನನಗನ್ನಿಸುತ್ತದೆ.

ಕಂಪನಿಯಲ್ಲಿ ನಾನು ಈ ವಿಷಯ ಎತ್ತಿದಾಗ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: 'ನಿಲ್ಲಿಸಿ ಏನಾದರೂ ಆದರೆ ಯಾರು ಹೊಣೆ?' ಅದು ಮೂರ್ಖ ಪ್ರಶ್ನೆಯಲ್ಲ. ವ್ರತ ಮಾಡಿಯೂ ಸರ್ವರ್ ಬಿದ್ದರೆ ಅದು ಹಣೆಬರಹ. ಬಿಟ್ಟಮೇಲೆ ಬಿದ್ದರೆ ಬಿಟ್ಟವನ ತಪ್ಪು. ಮಿಥ್ಯೆಗಳು ಉಳಿಯುವುದು ಈ ಲೆಕ್ಕಾಚಾರದಿಂದ. ಸ್ಕ್ರಿಪ್ಟ್ ಬರೆದವರು ಕೆಲಸ ಬಿಟ್ಟು ಹೋಗಿದ್ದರು, ಅದು ಯಾವ ಆವೃತ್ತಿಗಾಗಿ ಹುಟ್ಟಿತ್ತೋ ಆ ಆವೃತ್ತಿಯೂ ಹೋಗಿತ್ತು. ನಾವು ಪರೀಕ್ಷೆಯ ಸರ್ವರಿನಲ್ಲಿ ನಾಲ್ಕು ವಾರ ಅಳೆದೆವು. ಕಟ್ಟುವ ಮೊದಲು, ಕಟ್ಟಿದ ಮೇಲೆ, ಕಟ್ಟದೆ ಬಿಟ್ಟಾಗ. ನೂರಾರು ಇಂಡೆಕ್ಸುಗಳಲ್ಲಿ ನಿಜವಾಗಿ ಪ್ರಯೋಜನ ಕಂಡದ್ದು ಮೂರರಲ್ಲಿ. ಹಳೆಯ ದಾಖಲೆಗಳನ್ನು ರಾಶಿರಾಶಿಯಾಗಿ ಅಳಿಸುತ್ತಿದ್ದ ಕೋಷ್ಟಕಗಳವು. ಅಂದರೆ ವ್ರತದಲ್ಲಿ ಒಂದು ಕಾಳಿನಷ್ಟು ಸತ್ಯ ಇದ್ದೇ ಇತ್ತು.

ಫಲಿತಾಂಶದ ಹಾಳೆಯನ್ನು ನೋಡಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 'ಎಂಟು ವರ್ಷ ಅಂದ್ರ ಎಷ್ಟು ಶನಿವಾರ ಆತು?' ಎಂದರು. ನಾನು ಲೆಕ್ಕ ಹೇಳಲಿಲ್ಲ.

ಕೆಲಸ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ಇಂಥ ಮಿಥ್ಯೆಗಳು ತಾಗುವುದು ಸಂದರ್ಶನದ ಕೋಣೆಯಲ್ಲಿ. ಕೋಷ್ಟಕವನ್ನು ಒಂದೇ ಏಟಿಗೆ ಖಾಲಿ ಮಾಡುವ 'ಟ್ರಂಕೇಟ್' ಎಂಬ ಆಜ್ಞೆಯಿದೆ. ಅದನ್ನು ಹಿಂಪಡೆಯಲು ಸಾಧ್ಯವಿಲ್ಲ ಎಂದು ಗೈಡುಗಳಲ್ಲಿ ಉರುಹೊಡೆಸುತ್ತಾರೆ. ಒಮ್ಮೆ ನಾನೂ ಕೂತಿದ್ದ ಸಂದರ್ಶನದಲ್ಲಿ ಈ ಪ್ರಶ್ನೆ ಬಂದಾಗ ಹುಡುಗಿಯೊಬ್ಬಳು 'ಯಾವ ಡೇಟಾಬೇಸ್ ಸರ್?' ಎಂದು ಮರುಪ್ರಶ್ನೆ ಹಾಕಿದಳು. ಕೇಳಿದ ಸಹೋದ್ಯೋಗಿಗೆ ಅದು ತಪ್ಪಿಸಿಕೊಳ್ಳುವ ಉಪಾಯದಂತೆ ಕಂಡಿತು, ಸೊನ್ನೆ ಹಾಕಲು ಹೊರಟರು. ಆದರೆ ಅವಳದ್ದೇ ಸರಿಯಾದ ಉತ್ತರ. ಒರಾಕಲ್‌ನಲ್ಲಿ ಟ್ರಂಕೇಟ್ ಮಾಡಿದರೆ ಮುಗಿಯಿತು, ರೋಲ್‌ಬ್ಯಾಕ್ ಇಲ್ಲ. ಎಸ್‌ಕ್ಯೂಎಲ್ ಸರ್ವರ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ವ್ಯವಹಾರವೊಂದರ ಒಳಗೆ ಮಾಡಿದ್ದರೆ ಹಿಂದಕ್ಕೆ ಬರಬಹುದು. ಅವಳ ಮುಂದೆಯೇ ಲ್ಯಾಪ್‌ಟಾಪಿನಲ್ಲಿ ಓಡಿಸಿದೆವು. ಖಾಲಿಯಾಗಿದ್ದ ಕೋಷ್ಟಕ ರೋಲ್‌ಬ್ಯಾಕ್ ಆಗಿ ಮತ್ತೆ ತುಂಬಿಕೊಂಡಿತು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಸಿಗದೆ ಎಷ್ಟು ಜನ ಹೊರಗೆ ನಡೆದಿರಬಹುದು?

ಮೈಕ್ರೋಸಾಫ್ಟಿನಲ್ಲಿ ಎಸ್‌ಕ್ಯೂಎಲ್ ಸರ್ವರನ್ನು ಕಟ್ಟಿದವರಲ್ಲಿ ಒಬ್ಬರಾದ ಪಾಲ್ ರ‍್ಯಾಂಡಲ್, 2010ರ ಏಪ್ರಿಲ್ ತಿಂಗಳಿಡೀ ದಿನಕ್ಕೊಂದರಂತೆ ಇಂಥ ಮಿಥ್ಯೆಗಳನ್ನು ಬಿಡಿಸಿ ಬರೆದರು. ಟ್ರಂಕೇಟ್ ಕುರಿತದ್ದೂ ಅದರಲ್ಲಿತ್ತು. ಹೀಗಿದ್ದೂ ಅದು ಗೈಡುಗಳಲ್ಲಿ ಆರಾಮಾಗಿದೆ. ಸಂಘಗಳೇನೂ ಪವಿತ್ರವಲ್ಲ, ಒಂದು ಸಭೆಯ ಸ್ಲೈಡಿನಲ್ಲಿದ್ದ ತಪ್ಪು ಹತ್ತು ಸಭೆಗಳಿಗೆ ಹರಡುವುದನ್ನೂ ನೋಡಿದ್ದೇನೆ. ವ್ಯತ್ಯಾಸವಿಷ್ಟೆ, ಅಲ್ಲಿ ತಿದ್ದಲು ಜನ ಕೂತಿರುತ್ತಾರೆ.

ಮುಚ್ಚಿಡದೆ ಹೇಳಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ ಪ್ರಸಂಗ ನಮ್ಮವರಿಗೆಲ್ಲ ಬಾಯಿಪಾಠ. 2017ರ ಜನವರಿ 31ರಂದು ದಣಿದಿದ್ದ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸಿನ ಕಡತಗಳನ್ನು ಅಳಿಸಿಬಿಟ್ಟರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ, ನಿತ್ಯದ ಬ್ಯಾಕಪ್ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಅದನ್ನು ತಿಳಿಸಬೇಕಾದ ಮಿಂಚೆಯೂ ತಲುಪುತ್ತಿರಲಿಲ್ಲ. ಕೊನೆಗೆ ಕೈಗೆ ಸಿಕ್ಕದ್ದು ಆರು ಗಂಟೆ ಹಿಂದೆ ಬೇರೇನಕ್ಕೋ ತೆಗೆದಿಟ್ಟ ಒಂದು ಪ್ರತಿ. ಆ ಸಂಸ್ಥೆ ರಿಪೇರಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು, ಆದದ್ದೆಲ್ಲವನ್ನೂ ಬರೆದು ಪ್ರಕಟಿಸಿತು. 'ಬ್ಯಾಕಪ್ ಆಗ್ತಿದೆ' ಎಂಬುದು ನಮ್ಮ ಕಸುಬಿನ ಅತಿ ದೊಡ್ಡ ಮಿಥ್ಯೆ. ಮರಳಿ ಪಡೆದು ನೋಡುವವರೆಗೆ ಬ್ಯಾಕಪ್ ಎಂಬುದು ಒಂದು ನಂಬಿಕೆ ಮಾತ್ರ. ಅವರು ಬರೆದದ್ದನ್ನು ಓದಿ ಎಷ್ಟೋ ಊರುಗಳ ಡಿಬಿಎಗಳು ತಮ್ಮ ಬ್ಯಾಕಪ್ಪುಗಳನ್ನು ತೆರೆದು ನೋಡಿದರು.

ನಮ್ಮ ಭಾಷೆಗೇ ತಟ್ಟುವ ಮಿಥ್ಯೆಯೂ ಒಂದಿದೆ: 'ನಮ್ಮ ಸಿಸ್ಟಮ್‌ನಲ್ಲಿ ಕನ್ನಡ ಕೂರಲ್ಲ.' ಅರ್ಜಿಗಳಲ್ಲಿ ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಿರಿ ಎನ್ನುವಾಗ ಕೊಡುವ ಕಾರಣ ಎಷ್ಟೋ ಸಲ ಇದೇ. ಇದೂ ಯಾರೋ ಒಮ್ಮೆ ಕಣ್ಣಾರೆ ಕಂಡದ್ದರಿಂದಲೇ ಹುಟ್ಟಿದ್ದು. 'ಲಕ್ಷ್ಮಿ' ಎಂಬ ಹೆಸರು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡಿಗೆ ಅದು ಏಳು ಸಂಕೇತ: ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಗುಡಿಸು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ಇಂಗ್ಲಿಷಿನಲ್ಲಿ ಬರೆದರೂ ಏಳೇ ಅಕ್ಷರ, ಆದರೆ ಏಳೇ ಬೈಟ್. ಒರಾಕಲ್‌ನಲ್ಲಿ ಹೆಸರಿಗೆ 20 ಎಂದು ಜಾಗ ಕೊಟ್ಟರೆ, ಬೇರೆ ಹೇಳದಿದ್ದಲ್ಲಿ ಅದು ಎಣಿಸುವುದು ಬೈಟುಗಳನ್ನು. ಲಕ್ಷ್ಮಿ ಒಂದು ಬೈಟಿನಿಂದ ಹೊರಗುಳಿಯುತ್ತಾಳೆ. ಅಕ್ಷರ ಲೆಕ್ಕದಲ್ಲಿ ಎಣಿಸು ಎಂದು ಒಂದು ಪದ ಸೇರಿಸಿದರೆ ಒಳಗೆ ಬರುತ್ತಾಳೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಹೆಸರಿನ ಹಿಂದೆ 'ಎನ್' ಎಂಬ ಒಂದು ಅಕ್ಷರ ಮರೆತರೆ ಸಾಮಾನ್ಯವಾಗಿ ಅವಳು ಏಳು ಪ್ರಶ್ನೆಚಿಹ್ನೆಗಳಾಗಿ ಕೂರುತ್ತಾಳೆ. ಹಾಗೆ ಕೂತವಳನ್ನು ಆ ಚಿಹ್ನೆಗಳಿಂದ ಮತ್ತೆ ಲಕ್ಷ್ಮಿಯಾಗಿಸಲು ಬರುವುದಿಲ್ಲ. ಕೂರದೇ ಇದ್ದದ್ದು ಕನ್ನಡವಲ್ಲ, ಜಾಗ ಮಾಡುವ ಕ್ರಮವನ್ನು ನಾವು ಹೇಳಿರಲಿಲ್ಲ.

ಇದನ್ನೇ ನಾನು ಇತ್ತೀಚೆಗೆ ನಮ್ಮ ಕೂಟದಲ್ಲಿ ಓಡಿಸಿ ತೋರಿಸಿದೆ. ಕೊನೆಯಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. 'ಸೇರಿಸಿದ್ದು ಆಯ್ತು ಸರ್. ಅಕಾರಾದಿ ಜೋಡಿಸಿದ್ರೆ ಅನುಸ್ವಾರದ ಹೆಸರುಗಳು ಎಲ್ಲಿ ಬರ್ತವೆ? ನಿಘಂಟಿನ ಕ್ರಮಾನೇ ಬರುತ್ತಾ?' ಕೋಣೆಯಲ್ಲಿದ್ದ ಯಾರೂ ಅದನ್ನು ಓಡಿಸಿ ನೋಡಿರಲಿಲ್ಲ. ಮುಂದಿನ ತಿಂಗಳ ವಿಷಯ ಅದೇ ಎಂದು ಹಲಗೆಯ ಮೇಲೆ ಬರೆದು, ಮಾತಾಡುವವರ ಜಾಗದಲ್ಲಿ ಅವನ ಹೆಸರು ಹಾಕಿದೆವು.