ಸೀದ ದೋಸೆಗೂ ಅದೇ ಅಂಕ

ದಶಮಾಂಶ ಬಿಂದುವಿನ ಮುಂದೆ ಮೂರು ಅಂಕಿ ಕಂಡರೆ ಸಾಕು, ಲೆಕ್ಕ ಸರಿಯಿದೆ ಎಂದು ನಂಬಿಬಿಡುವ ಚಟ ನನಗೆ ಎಂಜಿನಿಯರಿಂಗ್ ಕಾಲೇಜಿನಲ್ಲೇ ಅಂಟಿತ್ತು. ದೋಸೆ ಹುಯ್ಯುವ ಯಂತ್ರ ತಯಾರಿಸುವ ಸಣ್ಣ ಕಂಪನಿಯೊಂದಕ್ಕೆ ಸೇರಿದ ಹೊಸದರಲ್ಲಿ ಅದಕ್ಕೆ ತಕ್ಕ ದಂಡ ತೆತ್ತೆ. ಯಂತ್ರದಿಂದ ಬರುವ ದೋಸೆ ಹದವಾಗಿ ಬೆಂದಿದೆಯೇ ಎಂದು ಕ್ಯಾಮೆರಾ ನೋಡಿ ಹೇಳಬೇಕು, ಅದರಂತೆ ಕಾವಲಿಯ ಶಾಖ ಏರಿಳಿಯಬೇಕು. ನನಗೆ ವಹಿಸಿದ್ದು ಇಷ್ಟೇ ಕೆಲಸ.

ಸರಾಸರಿ ಬಣ್ಣ ಅಳೆಯುವುದಕ್ಕೆ 1976ರಿಂದಲೂ ಸಿಐಇ ಲ್ಯಾಬ್ ಪದ್ಧತಿಯಿದೆ. ಹೊಳಪಿಗೊಂದು, ಹಸಿರು–ಕೆಂಪಿಗೊಂದು, ನೀಲಿ–ಹಳದಿಗೊಂದು, ಒಟ್ಟು ಮೂರು ಅಂಕಿ. ನನಗದು ತೀರಾ ಸಪ್ಪೆ ಎನಿಸಿತು. ಅರ್ಧ ಸೀದು ಅರ್ಧ ಬಿಳಿಚಿಕೊಂಡ ದೋಸೆಗೂ ಸರಾಸರಿಯಲ್ಲಿ ಹೊಂಬಣ್ಣವೇ ಬಂದೀತಲ್ಲ ಎಂಬುದು ನನ್ನ ತಕರಾರು. ತಕರಾರು ಈಗಲೂ ಸರಿಯೇ. ಅದಕ್ಕೆ ನಾನು ಹುಡುಕಿದ ಮದ್ದು ಎಡವಟ್ಟಾಯಿತು.

ಮದ್ದಿನ ಹೆಸರು ಫ್ರ್ಯಾಕ್ಟಲ್. ಬ್ರಿಟನ್ನಿನ ಕರಾವಳಿಯನ್ನು ಅಳೆಯುವ ಕೋಲು ಚಿಕ್ಕದಾದಷ್ಟೂ ಕರಾವಳಿ ಉದ್ದವಾಗುತ್ತ ಹೋಗುತ್ತದೆ ಎಂಬ ವಿಚಿತ್ರವನ್ನು ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಚರ್ಚಿಸಿದ್ದರು. 2002ರಲ್ಲಿ ರಾಬರ್ಟೊ ಕ್ವೆವೆಡೊ ಮತ್ತು ಸಂಗಡಿಗರು ಇದೇ ಗಣಿತವನ್ನು ಆಹಾರದ ಮೇಲ್ಮೈಗಳಿಗೆ ಹಚ್ಚಿ ಪ್ರಬಂಧ ಬರೆದರು. ದೋಸೆಯ ತಳಭಾಗವನ್ನು ಹತ್ತಿರದಿಂದ ನೋಡಿ: ಕಂದು ದ್ವೀಪ, ಅದರಂಚಿಗೆ ಪುಟ್ಟ ದ್ವೀಪ, ನಡುನಡುವೆ ತೂತು. ಇದಕ್ಕಿಂತ ಒಳ್ಳೆಯ ಕರಾವಳಿ ಬೇಕೆ?

ಲೆಕ್ಕ ಕಷ್ಟದ್ದಲ್ಲ. ಚಿತ್ರವನ್ನು ಕಪ್ಪು–ಬಿಳುಪಾಗಿಸಿ ಅದರ ಮೇಲೆ ಚೌಕಗಳ ಬಲೆ ಹಾಸಬೇಕು. ಕಪ್ಪು ಸಿಕ್ಕ ಚೌಕಗಳನ್ನು ಎಣಿಸಿ, ಚೌಕವನ್ನು ಅರ್ಧ ಮಾಡಿ ಮತ್ತೆ ಎಣಿಸಬೇಕು. ಲಾಗರಿದಮ್ ನಕ್ಷೆಯಲ್ಲಿ ಬರುವ ಗೆರೆಯ ಇಳಿಜಾರೇ ಫ್ರ್ಯಾಕ್ಟಲ್ ಆಯಾಮ. ಬರಿಯ ಗೆರೆಗೆ 1, ಪೂರ್ತಿ ತುಂಬಿದ ಹಾಳೆಗೆ 2, ದೋಸೆ ಎಲ್ಲೋ ನಡುವೆ. ನನ್ನ ನಕ್ಷೆಗಳಲ್ಲಿ ಗೆರೆ ನೂಲು ಹಿಡಿದಷ್ಟು ನೇರ. ಮಾಲೀಕರನ್ನು ಕೂರಿಸಿಕೊಂಡು ಸ್ಲೈಡ್ ತೋರಿಸಿದ್ದೂ ಆಯಿತು.

ಹಿಟ್ಟಿನ ಹದ ನೋಡಲು ನಮ್ಮಲ್ಲಿ ಭಟ್ಟರೊಬ್ಬರಿದ್ದರು, ಹೋಟೆಲಿನಲ್ಲಿ ಪಳಗಿದ ಕೈ. ಅವರು ಬೇಕೆಂದೇ ಒಂದು ದೋಸೆಯನ್ನು ಅರೆಬೇಯಿಸಿ, ಒಂದನ್ನು ಹದಕ್ಕೆ ತೆಗೆದು, ಇನ್ನೊಂದನ್ನು ಕರಕಲು ಮಾಡಿ ಕ್ಯಾಮೆರಾದ ಕೆಳಗಿಟ್ಟರು. ಮೂರಕ್ಕೂ 1.8ರ ಆಸುಪಾಸು.

“ಸೀದದ್ದಕ್ಕೂ ಬೇಯದ್ದಕ್ಕೂ ಒಂದೇ ಮಾರ್ಕಾ ಸಾರ್?”

“ಲೈಟಿಂಗ್ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ ಭಟ್ರೇ,” ಅಂದೆ. ಬಾಯಿಗೆ ಬಂದ ಸುಳ್ಳು.

ನಿಜವಾದ ಕಾರಣ ನಾನೇ ಬರೆದ ಒಂದು ಸಾಲಿನಲ್ಲಿತ್ತು. ಯಾವುದು ಕಂದು, ಯಾವುದು ಬಿಳಿ ಎಂಬ ಗಡಿಯನ್ನು ಗೊತ್ತುಮಾಡಲು ಜಪಾನಿನ ನೊಬುಯುಕಿ ಓತ್ಸು 1979ರಲ್ಲಿ ಕೊಟ್ಟ ವಿಧಾನವನ್ನು ಕರೆದಿದ್ದೆ. ಎರಡು ಗುಂಪುಗಳು ಆದಷ್ಟು ದೂರ ನಿಲ್ಲುವಂತೆ ಅದು ಪ್ರತಿ ಚಿತ್ರಕ್ಕೂ ಹೊಸ ಗಡಿ ಹುಡುಕುತ್ತದೆ. ಬಿಳಿ ದೋಸೆಯಲ್ಲಿ ಅಚ್ಚಬಿಳಿ ಮತ್ತು ಕೆನೆಬಣ್ಣವನ್ನು ಬೇರೆ ಮಾಡಿತು. ಸೀದದ್ದರಲ್ಲಿ ಕಂದನ್ನೂ ಕಪ್ಪನ್ನೂ. ಎಂಥ ದೋಸೆ ಕೊಟ್ಟರೂ ಎರಡು ಹೋಳು ಮಾಡಿಯೇ ಕೊಡುವುದು ಅದರ ಧರ್ಮ. ದೋಸೆ ಎಷ್ಟು ಬೆಂದಿದೆ ಎಂಬ ಸಂಗತಿಯನ್ನು ಅಲ್ಲೇ ಒರೆಸಿಹಾಕಿ, ಉಳಿದದ್ದರ ಅಂಚನ್ನು ನಾನು ನಿಷ್ಠೆಯಿಂದ ಅಳೆಯುತ್ತಿದ್ದೆ. ಸಾಲದ್ದಕ್ಕೆ ಕ್ಯಾಮೆರಾವನ್ನು ಆಟೋಗೆ ಬಿಟ್ಟಿದ್ದೆ; ಕಪ್ಪು ದೋಸೆ ಕಂಡರೆ ಅದು ತಾನಾಗಿ ಚಿತ್ರವನ್ನು ಬೆಳ್ಳಗೆ ಮಾಡುತ್ತಿತ್ತು. ಎಣ್ಣೆ ಮಿರುಗಿದಲ್ಲೆಲ್ಲ ಬೇಯದ ಬಿಳಿಕಲೆ ದಾಖಲಾಗುತ್ತಿತ್ತು. ಜೆಪೆಗ್ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ತುಂಡಾಗಿಸಿ ಒತ್ತುವುದರಿಂದ ಚಿಕ್ಕ ಚೌಕಗಳ ಲೆಕ್ಕವೂ ಕೆಟ್ಟಿತ್ತು.

ಹಾಗಿದ್ದರೆ ಗೆರೆ ಅಷ್ಟು ನೇರ ಬಂದದ್ದು? ಲಾಗರಿದಮ್ ನಕ್ಷೆಯಲ್ಲಿ ಡೊಂಕು ಕಾಣಿಸಬೇಕಾದರೆ ಅಳತೆಯ ವ್ಯಾಪ್ತಿ ದೊಡ್ಡದಿರಬೇಕು. ಡೇವಿಡ್ ಅವ್ನಿರ್ ಮತ್ತು ಸಂಗಡಿಗರು ಫ್ರ್ಯಾಕ್ಟಲ್ ಎಂದು ಸಾರಿದ ಪ್ರಯೋಗಗಳನ್ನು ತಡಕಿ 1998ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು: ಅತಿ ಚಿಕ್ಕ ಅಳತೆಗೂ ಅತಿ ದೊಡ್ಡದಕ್ಕೂ ನಡುವಿನ ಅಂತರ ಸರಾಸರಿ ಇಪ್ಪತ್ತು ಪಟ್ಟು ಮಾತ್ರ. ಅದನ್ನು ನಾನು ಓದಿದ್ದು ಸ್ಲೈಡ್ ತೋರಿಸಿದ ಮೇಲೆ.

ಇವೆಲ್ಲ ರಿಪೇರಿಯಾಗುವಂಥವು, ಆದವೂ ಕೂಡ. ಮುಚ್ಚಿದ ಡಬ್ಬಿ, ಚದುರಿದ ಬೆಳಕು, ಪಕ್ಕದಲ್ಲೊಂದು ಬಣ್ಣದ ಕಾರ್ಡು, ಎಲ್ಲ ದೋಸೆಗೂ ಒಂದೇ ಗಡಿ. ರಿಪೇರಿಯಾಗದ್ದು ಗರಿಯ ವಿಷಯ. ಮೇಲ್ಮೈ ಚಿತ್ರ ಸಿಕ್ಕಿತೆಂದರೆ ದೋಸೆ ಗರಿಗರಿಯಾಗಿದೆಯೋ ಎಂಬುದೂ ಸಿಕ್ಕಂತೆ ಎಂದುಕೊಂಡಿದ್ದೆ. ಕಾವಲಿಯ ಮೇಲಿರುವಷ್ಟು ಹೊತ್ತು ಇದು ಸುಳ್ಳೂ ಅಲ್ಲ. ನೀರು ಆವಿಯಾಗಿ ಹೋದ ಮೇಲಷ್ಟೇ ಅಲ್ಲಿನ ಶಾಖ ನೂರು ಡಿಗ್ರಿ ದಾಟಿ, ಕಂದು ಬಣ್ಣ ತರುವ ಮೇಲಾರ್ಡ್ ಕ್ರಿಯೆ ಚುರುಕಾಗುತ್ತದೆ. ಬಣ್ಣವೂ ಗರಿಯೂ ಜೊತೆಗೇ ಬರುತ್ತವೆ. ಕೆಳಗಿಳಿಸಿದ ಮೇಲೆ ಎರಡರ ದಾರಿ ಬೇರೆ. ದೋಸೆಯನ್ನು ಮಡಚಿ ತಟ್ಟೆಯಲ್ಲಿಟ್ಟು ಮುಚ್ಚಿದರೆ ತನ್ನ ಹಬೆಗೇ ಅದು ಮೆತ್ತಗಾಗುತ್ತದೆ. ಬಿಚ್ಚಿ ಫೋಟೊ ತೆಗೆದೆ: ಕಂದು ಹಾಗೇ ಇದೆ, ಅಂಕವೂ ಹಾಗೇ ಇದೆ, ದೋಸೆ ಮಾತ್ರ ಒದ್ದೆ ಬಟ್ಟೆ.

ಈಗ ನಮ್ಮ ಯಂತ್ರದಲ್ಲಿ ಶಾಖವನ್ನು ನಡೆಸುವುದು ನಾನು ಸಪ್ಪೆ ಎಂದಿದ್ದ ಆ ಮೂರು ಅಂಕಿಗಳೇ. ಫ್ರ್ಯಾಕ್ಟಲ್ ಆಯಾಮ ಅವುಗಳ ಪಕ್ಕದಲ್ಲಿ ಕೂತು, ಕಲೆಗಳ ಹರವು ಎಂದಿನಂತಿಲ್ಲದಾಗ ಎಚ್ಚರಿಸುತ್ತದೆ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಗರಿ ಅಳೆಯಲು ದೋಸೆ ಮುರಿಯುವ ಬಲವನ್ನು ದಾಖಲಿಸುವ ಟೆಕ್ಸ್ಚರ್ ಅನಲೈಸರ್ ಬೇಕು ಎಂದು ಬರೆದುಕೊಟ್ಟಿದ್ದೇನೆ. ಬೆಲೆ ನೋಡಿದ ಮಾಲೀಕರು ಭಟ್ಟರಿಗೆ ಸಂಬಳ ಹೆಚ್ಚಿಸಿದ್ದಾರೆ.