ಒಂದು ತಾಟಿನ ಲೆಕ್ಕ

ಸಂಡೇ ರಾತ್ರಿ ನಮ್ಮ ಹಾಸ್ಟೆಲ್ ಮೆಸ್ ಬಂದ್. ಸಂಜೆ ಆರಾಯ್ತು ಅಂದ್ರೆ ವಾಟ್ಸಾಪ್ ಗ್ರೂಪಿನಲ್ಲಿ "ಇವತ್ತು ಎಲ್ಲಿಗೆ?" ಅಂತ ಮೆಸೇಜ್ ಬರೋದು ಗ್ಯಾರಂಟಿ. ಫಸ್ಟ್ ಇಯರಿನಲ್ಲಿ ಇದಕ್ಕೆ ಬಿರಿಯಾನಿ, ತಹರಿ, ದೋಸೆ ಅಂತೆಲ್ಲ ಉತ್ತರ ಬರ್ತಿತ್ತು. ಈಗ ಉತ್ತರ ಬರೋದೆಲ್ಲ ನಂಬರಿನಲ್ಲಿ. "ಅಲ್ಲಿ ಹೋದ ವಾರ ತಲೆಗೆ 220 ಆಯ್ತು", "ಅಲ್ಲಿ ರೊಟ್ಟಿಗೇ 30 ಮಾಡ್ಯಾರ", "ನಾನು ಬರಲ್ಲ, ನಂಗ ಹಸಿವಿಲ್ಲ".

ನಾವು ಯಾವಾಗಲೂ ಹೋಗುವ ಒಂದು ಹೋಟೆಲಿನ ಮೆನು ಕಾರ್ಡ್ ನೋಡಿದರೆ ನಿಮಗೂ ನಗು ಬರ್ತದೆ. ದಾಲ್ ಫ್ರೈ ಎದುರಿಗೆ 150 ಅಂತ ಒಂದು ಬಿಳಿ ಸ್ಟಿಕ್ಕರ್. ಉಗುರಿನಿಂದ ಕೆರೆದರೆ ಅದರ ಕೆಳಗೆ 130. ಅದರ ಕೆಳಗೆ ಪ್ರಿಂಟ್ ಆಗಿರೋದು 110. ನಮ್ಮ ಸಿವಿಲ್ ಬ್ರಾಂಚಿನ ಗೆಳೆಯ ಅದನ್ನ ನೋಡಿ "ಶಹಾಬಾದ್ ಕಲ್ಲಿನ ಪದರು ಇದ್ದಂಗ ಅದಾವಲ್ಲೋ" ಅಂದ. ಎಲ್ಲರೂ ನಕ್ಕೆವು. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಬಿಡ್ತು. ಈ 150 ರೂಪಾಯಿ ಎಲ್ಲಿಗೆ ಹೋಗ್ತದೆ? ನಮ್ಮ ಅಪ್ಪ ತೊಗರಿ ಬೆಳೀತಾರೆ. ದಾಲ್ ಅಂದರೆ ನಮ್ಮ ಹೊಲದ್ದೇ ಸರಕು. ಅಪ್ಪನ ಜೇಬಿಗೆ ಇದರಲ್ಲಿ ಎಷ್ಟು?

ಆ ಲೆಕ್ಕ ಸುಲಭ. 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಇಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ, ಅಂದರೆ ಕಿಲೋಗೆ 80. ಒಂದು ಪ್ಲೇಟ್ ದಾಲ್ ಫ್ರೈಗೆ ಒಂದು ಮುಷ್ಟಿ ಬೇಳೆ, 60 ಗ್ರಾಂ ಅಂತ ಹಿಡಿಯೋಣ. ಸಿಪ್ಪೆ, ನುಚ್ಚು ಕಳೆದು ಅಷ್ಟು ಬೇಳೆ ಬರಬೇಕಾದರೆ ತೊಗರಿ ಸುಮಾರು 85 ಗ್ರಾಂ ಬೇಕು. ಬೆಂಬಲ ಬೆಲೆ ಪೂರಾ ಸಿಕ್ಕಿತು ಅಂತಲೇ ಇಟ್ಟುಕೊಂಡರೂ ರೈತನ ಪಾಲು 7 ರೂಪಾಯಿ. ಜಿಐ ಟ್ಯಾಗ್ ಪಡೆದ ನಮ್ಮ ಕಲಬುರಗಿ ತೊಗರಿ ಬೇಳೆ ಅದೇ ಕಲಬುರಗಿಯ ಹೋಟೆಲಿನಲ್ಲಿ ತಾಟಿಗೆ ಬರುವಷ್ಟರಲ್ಲಿ 7 ಇದ್ದದ್ದು 150 ಆಗಿರ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ "ಹೋಟೆಲಿನವರು ಲೂಟಿ ಮಾಡ್ತಾರೆ" ಅಂತ ಬರೆದು ಈ ಲೇಖನ ಮುಗಿಸಬಹುದಿತ್ತು. ಆದರೆ ದಸರಾ ರಜೆಯಲ್ಲಿ ಇದೇ ಲೆಕ್ಕವನ್ನ ಇನ್ನೊಂದು ಕಡೆಯಿಂದ ಮಾಡೋ ಕೆಲಸ ನನ್ನ ಪಾಲಿಗೆ ಬಂತು.

ನಮ್ಮೂರು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ. ಅಲ್ಲಿ ನಮ್ಮ ಕಾಕಾ-ಕಾಕಿ ಒಂದು ಸಣ್ಣ ಖಾನಾವಳಿ ನಡೆಸ್ತಾರೆ. ನಾಲ್ಕು ಟೇಬಲ್, ಒಂದು ಫ್ಯಾನ್, ಗೋಡೆ ಮೇಲೆ ಸುಣ್ಣದಲ್ಲಿ ಬರೆದ "ಊಟ 70". ಎರಡು ಜೋಳದ ರೊಟ್ಟಿ, ಒಂದು ಪಲ್ಯ, ಬ್ಯಾಳಿ, ಅನ್ನ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮಜ್ಜಿಗೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನ ಮೂರರ ತನಕ ಕಾಕಿ ಕೂರೋದಿಲ್ಲ. ರಜೆಗೆ ಹೋದ ಮೂರನೇ ದಿನ ಕಾಕಿ ನನ್ನ ಕರೆದು ಹೇಳಿದಳು:

"ತಮ್ಮಾ, ಇಂಜಿನಿಯರ್ ಆಗ್ಲಾಕತ್ತೀದಿ. ಒಂದ್ ತಾಟಿಗಿ ನನಗ ಎಷ್ಟ್ ಬೀಳ್ತದ ತೆಗದ್ ಹೇಳು. 80 ಮಾಡ್ಲೋ ಬ್ಯಾಡೋ ತಿಳೀವಲ್ದು."

ನಾನು ಶಾಲೆಯಿಂದ ಪಿಯುಸಿ ತನಕ ಇಂಗ್ಲಿಷ್ ಮೀಡಿಯಂ. ಲಾಭ-ನಷ್ಟದ ಲೆಕ್ಕ ನೂರಾರು ಬಿಡಿಸಿದ್ದೇನೆ, ಎಲ್ಲಾ ಇಂಗ್ಲಿಷಿನಲ್ಲಿ. ಅವುಗಳಲ್ಲಿ ಅಂಗಡಿಯವನಿಗೆ ಮೊಣಕಾಲು ನೋವು ಇರ್ತಿರಲಿಲ್ಲ. ಇಲ್ಲಿ ಲೆಕ್ಕ ಕೇಳ್ತಿದ್ದವಳಿಗೆ ಮೊಣಕಾಲು ನೋವಿತ್ತು, ಮಗಳ ನರ್ಸಿಂಗ್ ಫೀಸ್ ಕಟ್ಟೋದಿತ್ತು. ಮೊಬೈಲಿನಲ್ಲಿ ಎಕ್ಸೆಲ್ ತೆಗೆದು ಅಡಿಗೆಮನೆಯಲ್ಲೇ ಕೂತೆ. ದಿನಕ್ಕೆ 60 ಊಟ ಹೋಗ್ತದೆ ಅಂತ ಹಿಡಿದು ಒಂದು ತಾಟಿಗೆ ಬಂದ ಲೆಕ್ಕ ಇದು:

ಜೋಳ, ಬೀಸಿದ್ದು ಸೇರಿ – 9 ರೂಪಾಯಿ
ಅಕ್ಕಿ – 6
ತೊಗರಿ ಬೇಳೆ – 4
ತರಕಾರಿ – 8
ಎಣ್ಣೆ – 3
ಶೇಂಗಾ, ಖಾರ, ಮಸಾಲೆ, ಉಳ್ಳಾಗಡ್ಡಿ – 5
ಮಜ್ಜಿಗೆ – 4
ಗ್ಯಾಸ್ – 6
ರೊಟ್ಟಿ ಬಡಿಯೋ ಅಕ್ಕನ ಕೂಲಿ, ಬಾಡಿಗೆ, ಕರೆಂಟು – 10
ಉಳಿದು ಕೆಟ್ಟದ್ದು, ಉದ್ರಿ ಹೋಗಿ ವಾಪಸ್ ಬರದ್ದು – 2

ಒಟ್ಟು 57. ಉಳಿಯೋದು 13. ದಿನಕ್ಕೆ 780 ರೂಪಾಯಿ, ಇಬ್ಬರು ಮನುಷ್ಯರ ಹತ್ತು ತಾಸಿನ ದುಡಿಮೆಗೆ. ಅದೂ 60 ಊಟ ಹೋದ ದಿನ. ಮಳೆ ಬಂದು 40 ಊಟಕ್ಕೆ ಇಳಿದರೆ ಕೂಲಿ, ಬಾಡಿಗೆ, ಕರೆಂಟಿನ 600 ಹಾಗೇ ಇರ್ತದೆ. ಆಗ ಉಳಿಯೋದು ಬರೀ 320. ಫಿಕ್ಸೆಡ್ ಕಾಸ್ಟ್ ಅನ್ನೋ ಪದ ನನಗೆ ಪರೀಕ್ಷೆ ಸಲುವಾಗಿ ಗೊತ್ತಿತ್ತು. ಅದು ಹೇಗೆ ಹಿಂಡ್ತದೆ ಅಂತ ಅವತ್ತು ನೋಡಿದೆ.

ಈ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ದೊಡ್ಡ ಜಗತ್ತಿದೆ. ಖಾನಾವಳಿಗೆ ಮನೆಯ 14.2 ಕಿಲೋ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ ಕಮರ್ಷಿಯಲ್ ಸಿಲಿಂಡರೇ ಬೇಕು. ಅದರ ದರ ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಖಿಗೆ ಬದಲಾಗ್ತದೆ. ಮನೆ ಗ್ಯಾಸಿಗೆ ಜಿಎಸ್‌ಟಿ 5 ಪರ್ಸೆಂಟ್, ಇದಕ್ಕೆ 18. ಎಣ್ಣೆ ಕಥೆ ಇನ್ನೂ ದೂರದ್ದು. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರ್ತದೆ. 2022ರ ಏಪ್ರಿಲಿನಲ್ಲಿ ಇಂಡೊನೇಷ್ಯಾ ಪಾಮ್ ಎಣ್ಣೆ ರಫ್ತು ನಿಲ್ಲಿಸಿದಾಗ ಎಲ್ಲ ಕಡೆ ಗಾಬರಿ ಆಗಿತ್ತು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರವೇ ಆಮದು ಸುಂಕ ಏರಿಸಿದಾಗ ಮತ್ತೆ ರೇಟ್ ಏರಿತು. ಹಾಲಂತೂ ನಿಮಗೇ ಗೊತ್ತು. ನಂದಿನಿ 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ, 2024ರ ಜೂನಿನಲ್ಲಿ 50 ಎಂಎಲ್ ಜಾಸ್ತಿ ಕೊಟ್ಟು ಪ್ಯಾಕೆಟಿಗೆ 2 ರೂಪಾಯಿ, 2025ರ ಏಪ್ರಿಲಿನಲ್ಲಿ 4 ರೂಪಾಯಿ ಏರಿತು. ನಮ್ಮ ಕ್ಯಾಂಟೀನಿನ ಚಾ ಕಪ್ಪು ಸಣ್ಣದಾಗಿದ್ದು ಸುಮ್ಮನೆ ಅಲ್ಲ.

ಕಾಕಿಗೂ ಒಂದು ಉಳಿತಾಯ ಆಗಿದೆ ಅನ್ನಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಚಿಂಚೋಳಿಗೆ ಹೋಗಿ ತರಕಾರಿ ತರ್ತಾಳೆ. ಮೊದಲಾದರೆ ತರೋರಿಗೆ ಕಮಿಷನ್ ಕೊಡಬೇಕಿತ್ತು.

ಈಗ ಅವಳ ಪ್ರಶ್ನೆ. 80 ಮಾಡಬೇಕೋ ಬೇಡವೋ? ನಾನು ಎಕ್ಸೆಲಿನಲ್ಲಿ ನಂಬರ್ ಬದಲಿಸಿ ನೋಡಿದೆ. 80 ಮಾಡಿ 15 ಮಂದಿ ಊಟ ಬಿಟ್ಟು ಹೋದರೂ 45 ತಾಟಿಗೆ ದಿನಕ್ಕೆ 885 ಉಳೀತದೆ. ಈಗಿನ 780ಕ್ಕಿಂತ ಜಾಸ್ತಿ, ಕೆಲಸ ಕಡಿಮೆ. ಸ್ಕ್ರೀನ್ ತೋರಿಸಿದೆ. ಕಾಕಿ ರೊಟ್ಟಿ ತಟ್ಟೋದು ನಿಲ್ಲಿಸಲಿಲ್ಲ.

"ಹದಿನೈದ್ ಮಂದಿ ಬಿಡ್ತಾರ ಅಂದಿ. ಯಾರ್ ಬಿಡ್ತಾರ ಅಂತ ಇದ್ರಾಗ ಬರ್ತದೇನು?"

ಬರಲ್ಲ ಅಂದೆ.

"ನಾ ಹೇಳ್ತೀನಿ ಕೇಳು. ಮಾಸ್ತರು ಬಿಡಾಂಗಿಲ್ಲ. ಬಸ್ ಡ್ರೈವರ್, ಕಂಡಕ್ಟರ್ ಬಿಡಾಂಗಿಲ್ಲ. ಬಿಡೋರು ಗೌಂಡಿ ಕೈ ಕೆಳಗಿನ ಹುಡುಗ್ರು, ದವಾಖಾನಿಗಿ ಬಂದ ಹಳ್ಳಿ ಮಂದಿ. ಅವ್ರು ಬ್ಯಾರೆ ಕಡಿ ಹೋಗಿ ಉಣ್ಣಾಂಗಿಲ್ಲ ತಮ್ಮಾ. ಚಾ ಬಿಸ್ಕಿಟ್ ತಿಂದು ಸಂಜಿ ಮಾಡ್ತಾರ."

ಸ್ವಲ್ಪ ಹೊತ್ತು ಬಿಟ್ಟು ಅವಳೇ ಅಂದಳು, "ಹಂಗಂತ ನಾ ಧರ್ಮಛತ್ರ ಇಟ್ಟಿಲ್ಲ. ನನಗೂ ಉಳೀಬೇಕು."

ಆ ರಾತ್ರಿ ಕಾಕಾ, ಕಾಕಿ, ನಾನು ಮೂವರೂ ಕೂತು ಮಾತಾಡಿದೆವು. ದಾರಿ ತೋರಿಸಿದ್ದು ಕಾಕಿನೇ. ಪೂರ್ತಿ ಊಟ 80. ಅದರ ಜೊತೆಗೆ ಅನ್ನ, ಮಜ್ಜಿಗೆ ಇಲ್ಲದ ರೊಟ್ಟಿ ಊಟ 50: ಎರಡು ರೊಟ್ಟಿ, ಪಲ್ಯ, ಬ್ಯಾಳಿ, ಹಿಂಡಿ. ಅದರ ಸಾಮಾನು, ಗ್ಯಾಸ್, ಹಾಳು ಎಲ್ಲ ಸೇರಿ 35 ಬೀಳ್ತದೆ. ನಾನು ಮತ್ತೆ ಲೆಕ್ಕ ಹಾಕಿದೆ. 60 ಜನರಲ್ಲಿ ಅರ್ಧಕ್ಕರ್ಧ 50ರ ಊಟಕ್ಕೇ ಇಳಿದರೂ ಕೂಲಿ, ಬಾಡಿಗೆ ಕಳೆದು 840 ಉಳೀತದೆ. ಯಾರೂ ಹಸಿದು ಹೋಗಬೇಕಿಲ್ಲ, ಕಾಕಿಗೆ 60 ರೂಪಾಯಿ ಜಾಸ್ತಿ. ದೀಪಾವಳಿ ಆದ ಮೇಲೆ ಗೋಡೆ ಮೇಲೆ ಹೊಸ ರೇಟ್ ಬಂತು. ಫೋನಿನಲ್ಲಿ ಕೇಳಿದರೆ ರೊಟ್ಟಿ ಊಟ ದಿನಾ ಇಪ್ಪತ್ತರ ಮೇಲೆ ಹೋಗ್ತದಂತೆ. ಮಾಸ್ತರೊಬ್ಬರು "ಏನ್ರಿ ಬಾಯಿ, ಹತ್ತು ರೂಪಾಯಿ ಏರಿಸಿದ್ರಿ" ಅಂತ ಒಂದು ವಾರ ಗೊಣಗಿದರಂತೆ. ಊಟ ಮಾತ್ರ ಬಿಟ್ಟಿಲ್ಲ.

ಇದೆಲ್ಲ ಆದ ಮೇಲೆ ನಾನು ಹೊರಗೆ ಊಟಕ್ಕೆ ಹೋದಾಗ ಮೆನು ನೋಡುವ ರೀತಿನೇ ಬೇರೆ ಆಗಿದೆ. ಆ 150ರ ದಾಲ್ ಫ್ರೈನಲ್ಲಿ ಬೇಳೆ ಬರೀ ಒಂದು ಸಾಲು. ಉಳಿದದ್ದು ಎಸಿ, ಮೇನ್ ರೋಡಿನ ಬಾಡಿಗೆ, ವೇಟರ್ ಪಗಾರ, ಖಾಲಿ ಕೂತ ಟೇಬಲ್ಲುಗಳು. ಎಸಿ ಬೇಕು ಅನಿಸಿದ ದಿನ ಅದಕ್ಕೆ ದುಡ್ಡು ಕೊಡೋಣ, ತಪ್ಪೇನಿಲ್ಲ. ಹೊಟ್ಟೆ ತುಂಬಬೇಕು ಅಷ್ಟೇ ಅನ್ನೋ ದಿನ ಎಸಿಗೆ ಯಾಕೆ ಕೊಡಬೇಕು? ನಮ್ಮ ಗ್ಯಾಂಗ್ ಈಗ ಪಾಲಿಸುವ ಕೆಲವು ಮಾತು ಹೇಳ್ತೀನಿ, ನಿಮಗೂ ಉಪಯೋಗ ಆಗಬಹುದು.

ಮೊದಲನೇದು, ಬಿಲ್ ಓದಿ. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ 5 ಪರ್ಸೆಂಟ್, ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಕಾಂಪೊಸಿಷನ್ ಸ್ಕೀಮಿನಲ್ಲಿರೋ ಸಣ್ಣ ಹೋಟೆಲು ನಿಮ್ಮಿಂದ ಬೇರೆಯಾಗಿ ಜಿಎಸ್‌ಟಿ ತಗೊಳ್ಳೋ ಹಾಗಿಲ್ಲ. ಸರ್ವೀಸ್ ಚಾರ್ಜ್ ಅಂತ ಇದ್ದರೆ ಅದು ತೆರಿಗೆ ಅಲ್ಲ. ಅದನ್ನ ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ಒಂದು ಬರ್ತ್‌ಡೇ ಪಾರ್ಟಿಯಲ್ಲಿ ನಮ್ಮ ಬಿಲ್ಲಿಗೆ ಹತ್ತು ಪರ್ಸೆಂಟ್ ಸೇರಿಸಿದ್ದರು. ಮರ್ಯಾದೆಯಿಂದ ಕೇಳಿದೆವು, ತೆಗೆದರು. ಜಗಳ ಬೇಕಾಗಲಿಲ್ಲ.

ಎರಡನೇದು, ಆ್ಯಪ್ ರೇಟ್ ಮತ್ತು ಹೋಟೆಲ್ ರೇಟ್ ಹೋಲಿಸಿ. ಎಷ್ಟೋ ಕಡೆ ಆ್ಯಪಿನಲ್ಲಿ ಅದೇ ಪದಾರ್ಥದ ದರವೇ ಜಾಸ್ತಿ ಇರ್ತದೆ. ಅದರ ಮೇಲೆ ಡೆಲಿವರಿ, ಪ್ಯಾಕಿಂಗ್, ಪ್ಲಾಟ್‌ಫಾರ್ಮ್ ಫೀ. "60 ಪರ್ಸೆಂಟ್ ಆಫ್" ನೋಡಿ ಖುಷಿ ಪಡೋ ಮೊದಲು ಕೊನೆಯ ಮೊತ್ತ ನೋಡಿ. ಹದಿನೈದು ನಿಮಿಷ ನಡೆದರೆ ಉಳಿಯೋ ದುಡ್ಡು ಎಷ್ಟು ಅಂತ ಆಗ ಗೊತ್ತಾಗ್ತದೆ.

ಮೂರನೇದು, ಬಿಡಿ ಬಿಡಿಯಾಗಿ ಆರ್ಡರ್ ಮಾಡೋ ಬದಲು ಊಟ ಇರೋ ಕಡೆ ಊಟ ಮಾಡಿ. ಖಾನಾವಳಿಯಲ್ಲಿ ಅವತ್ತಿನ ಪಲ್ಯ ಅವತ್ತಿಗೇ ಖಾಲಿ ಆಗ್ತದೆ, ಅದಕ್ಕೇ ಅಲ್ಲಿ ಕಡಿಮೆಗೆ ಕೊಡೋಕೆ ಆಗೋದು. ತೀರಾ ಕೈ ಖಾಲಿ ಇದ್ದ ದಿನಕ್ಕೆ ಇಂದಿರಾ ಕ್ಯಾಂಟೀನ್ ಇದೆ. ತಿಂಡಿ 5, ಊಟ 10. ಅಲ್ಲಿ ಸಾಲಿನಲ್ಲಿ ನಿಲ್ಲೋಕೆ ನಾಚಿಕೆ ಪಡೋ ಅಗತ್ಯ ಇಲ್ಲ. ಶರಣಬಸವೇಶ್ವರ ಗುಡಿಯ ದಾಸೋಹಕ್ಕೂ ಹೋಗ್ತೀವಿ. ಆದರೆ ಅದನ್ನ ನಾವು ಈ ಪಟ್ಟಿಗೆ ಸೇರಿಸಿಲ್ಲ. ಅದು ಪ್ರಸಾದ, ದುಡ್ಡು ಉಳಿಸೋ ಸ್ಕೀಮ್ ಅಲ್ಲ.

ನಾಲ್ಕನೇದೇ ನನಗೆ ದೊಡ್ಡದು. ನಮ್ಮ ಗ್ಯಾಂಗಿನಲ್ಲಿ ಒಬ್ಬ ಪ್ರತಿ ಸಂಡೇ "ನಂಗ ಹಸಿವಿಲ್ಲ" ಅಂತಿದ್ದ. ಬಿಲ್ ಸಮಭಾಗ ಮಾಡೋದು ನಮ್ಮ ರೂಢಿ. ಅವನು ಎರಡು ರೊಟ್ಟಿ ತಿಂದರೂ ಚಿಕನ್ ತಿಂದವರಷ್ಟೇ ಕೊಡಬೇಕಿತ್ತು. ಅದನ್ನ ಯಾರಿಗೂ ಹೇಳಲಾರದೆ ರೂಮಿನಲ್ಲಿ ಉಳೀತಿದ್ದ. ಕಾಕಿ ಹೇಳಿದ ಆ ಹದಿನೈದು ಮಂದಿಯಲ್ಲಿ ಒಬ್ಬ ನಮ್ಮ ಫ್ಲೋರಿನಲ್ಲೇ ಇದ್ದ ಅಂತ ಊರಿಂದ ವಾಪಸ್ ಬಂದ ಮೇಲೆ ನನಗೆ ಹೊಳೀತು. ಈಗ ನಮ್ಮ ಗ್ರೂಪಿನಲ್ಲಿ ಮೊದಲು ಎಷ್ಟು ಅಂತ ತೀರ್ಮಾನ, ಆಮೇಲೆ ಎಲ್ಲಿ. ತಿಂಗಳಿಗೆ ಮೂರು ಸಂಡೇ ತಲೆಗೆ 100 ದಾಟೋ ಹಾಗಿಲ್ಲ. ಒಂದು ಸಂಡೇ ಬೇಕಾದವರು ಬೇಕಾದ ಕಡೆ. ಯಾರ ಹೆಸರೂ ಎತ್ತಲಿಲ್ಲ, ಎಲ್ಲರಿಗೂ ರೇಟ್ ಜಾಸ್ತಿ ಆಗಿದೆ ಅಂತ ಮಾತ್ರ ಹೇಳಿದೆವು. ಅದು ಸುಳ್ಳೂ ಅಲ್ಲ. ಅವನು ಈಗ ಬರ್ತಾನೆ. ಮೂರು ರೊಟ್ಟಿ ತಿಂತಾನೆ.

ಕೊನೇದಾಗಿ ಒಂದು ಮಾತು. ನಾವು ಹೋಟೆಲಿನಲ್ಲಿ ಕೂತ ಮೇಲೆ ಮೆನು ತೆರೆದು, ರೇಟ್ ನೋಡಿ ಒಳಗೊಳಗೇ ಬೆವರಿ, ಏಳೋಕೆ ನಾಚಿಕೆಯಾಗಿ ಅಲ್ಲೇ ತಿಂದು ಬರ್ತೀವಿ. ಚಿಮ್ಮನಚೋಡದಲ್ಲಿ ಹಾಗೆ ಯಾರೂ ಮಾಡೋದಿಲ್ಲ. ಟವೆಲ್ ಹೆಗಲಿಗೆ ಹಾಕ್ಕೊಂಡು ಬಾಗಿಲಲ್ಲೇ ನಿಂತು "ಊಟ ಎಷ್ಟ್ರಿ?" ಅಂತ ಕೇಳ್ತಾರೆ. ಕಾಕಿನೂ ಒಳಗಿಂದಲೇ ಕೂಗಿ ಹೇಳ್ತಾಳೆ: "ಪೂರಾ ಎಂಬತ್ತು, ರೊಟ್ಟಿ ಐವತ್ತು. ಬರ್ರಿ, ಕೈ ತೊಳೀರಿ."